ಎರೆಹೊಲದ ಕುಡ, ಕಡಲಹಲಗೆಯ ಫಿನ್

ನವಲಗುಂದದ ಎರೆಹೊಲಕ್ಕೆ ಕುಂಟೆ ಹೊಡೆಯಲು ಹೊರಟ ರೈತ ಎತ್ತುಗಳ ಹೆಗಲಿಗೆ ನೊಗ ಏರಿಸುವ ಮೊದಲು ಒಂದು ಸಣ್ಣ ಕೆಲಸ ಮಾಡುತ್ತಾನೆ. ಕುಂಟೆಯನ್ನು ಮಗ್ಗುಲಾಗಿ ಮಲಗಿಸಿ ಅದರ ತಳದ ಕಬ್ಬಿಣದ ಕುಡವನ್ನು ಕೈಯಿಂದ ಅಲುಗಿಸಿ ನೋಡುತ್ತಾನೆ. ಸಡಿಲವಾಗಿದ್ದರೆ ಕಲ್ಲಿನಿಂದ ಎರಡು ಏಟು ಹಾಕಿ ಬಿಗಿಮಾಡುತ್ತಾನೆ. ಮೊಂಡಾಗಿದ್ದರೆ ಕಂಬಾರನ ಕುಲುಮೆಗೆ ಒಯ್ದು ಕುಡ ಹಣಿಸಿಕೊಂಡು ಬರುತ್ತಾನೆ. ಇಡೀ ಕುಂಟೆಯನ್ನು ಹೊತ್ತುಕೊಂಡು ಹೋಗುವ ಅಗತ್ಯ ಅವನಿಗಿಲ್ಲ. ಬಿಚ್ಚಿದ ಕುಡವೊಂದನ್ನು ಕೈಯಲ್ಲಿ ಹಿಡಿದು ನಡೆದರೆ ಸಾಕು.

ಕುಂಟೆಯ ರಚನೆ ನೋಡಲು ಸರಳ. ಮೇಲೆ ಜಾಲಿಮರದ ದಪ್ಪ ದಿಂಡು, ಅದರಿಂದ ಇಳಿದ ಎರಡು ತಾಳುಗಳು, ತಾಳುಗಳ ತುದಿಗೆ ಅಡ್ಡಲಾಗಿ ಕೂಡಿಸಿದ ಕಬ್ಬಿಣದ ಕುಡ. ಮಣ್ಣಿನೊಡನೆ ಗುದ್ದಾಡುವುದು ಕುಡ ಮಾತ್ರ. ಸವೆಯುವುದೂ ಮುರಿಯುವುದೂ ಹೆಚ್ಚಾಗಿ ಅದೇ. ಅದಕ್ಕೆಂದೇ ಅದನ್ನು ಬೇರೆ ತುಂಡಾಗಿ ಮಾಡಿ, ಕೆಲಸದ ಹೊತ್ತಿನಲ್ಲಿ ಬಿಗಿಯಾಗಿ ನಿಲ್ಲುವಂತೆ, ಬೇಕೆಂದಾಗ ಬಿಚ್ಚಿ ಬರುವಂತೆ ಜೋಡಿಸಿದರು. ದಿಂಡು ಬಡಿಗನ ಕೆಲಸ, ಕುಡ ಕಂಬಾರನ ಕೆಲಸ. ಸುಗ್ಗಿಯಲ್ಲಿ ಇಬ್ಬರಿಗೂ ಕಣದಿಂದಲೇ ಆಯದ ಕಾಳು ಸಲ್ಲುತ್ತಿತ್ತು.

ಅಣ್ಣಿಗೇರಿ, ಕುಂದಗೋಳ, ನವಲಗುಂದದ ಎರೆಭೂಮಿ ಮಳೆ ಬಿದ್ದರೆ ಅಂಟು, ಬಿಸಿಲು ಬಿದ್ದರೆ ಬಿರುಕು ಬಿಟ್ಟ ಗಟ್ಟಿ ಹೆಂಟೆ. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಕಡೆ ಮಸಾರಿ ನೆಲದ ಹರಳುಕಲ್ಲಿನ ಕಾಟ. ನೆಲ ಯಾವುದಾದರೂ ಒಕ್ಕಲುತನದ ಸಾಮಾನು ಮಾಡಿದವರ ಮುಂದಿದ್ದ ಪ್ರಶ್ನೆ ಒಂದೇ: ಏಟು ಬಿದ್ದಾಗ ಯಾವ ಭಾಗ ಮುರಿಯಬೇಕು? ಯಾವುದೂ ಮುರಿಯಬಾರದು ಎಂಬುದು ಆಸೆ. ಮುರಿಯುವುದಾದರೆ ಸಣ್ಣದು ಮುರಿಯಲಿ, ದೊಡ್ಡದು ಉಳಿಯಲಿ ಎಂಬುದು ಅನುಭವ.

ಇದೇ ಪ್ರಶ್ನೆ ಕಡಲಿನ ಮೇಲೆ ಇನ್ನೊಂದು ರೂಪದಲ್ಲಿ ಎದುರಾಯಿತು. ಅಲ್ಲಿ ಅದಕ್ಕೆ ಉತ್ತರ ಹುಡುಕಲು ಸುಮಾರು ಅರವತ್ತು ವರ್ಷ ಹಿಡಿಯಿತು. ಆ ಕಥೆ ಅಲೆಗಳ ಮೇಲೆ ಸವಾರಿ ಮಾಡುವ ಸರ್ಫ್ ಹಲಗೆಯದು; ಅದರ ತಳದಲ್ಲಿ ಮೀನಿನ ಈಜುರೆಕ್ಕೆಯಂತೆ ಚಾಚಿಕೊಂಡಿರುವ ‘ಫಿನ್’ ಎಂಬ ಪುಟ್ಟ ಭಾಗದ್ದು. ಬಯಲುಸೀಮೆಯ ಓದುಗರಿಗೆ ಇದು ದೂರದ ಮಾತೆನಿಸಬಹುದು. ಆದರೆ ಕಲಘಟಗಿಯನ್ನು ಹಾದು ಹೋಗುವ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಮುಟ್ಟುವುದು ಕಡಲ ಸೀಮೆಯನ್ನೇ. ಅಲ್ಲಿಂದ ಕರಾವಳಿಯ ಹೆದ್ದಾರಿ ಹಿಡಿದು ತೆಂಕಣಕ್ಕೆ ಹೊರಟರೆ ಉಡುಪಿಯ ಆಚೆಗೆ ಮೂಲ್ಕಿ ಸಿಗುತ್ತದೆ. ಭಾರತದ ಸರ್ಫಿಂಗ್ ಚರಿತ್ರೆಯಲ್ಲಿ ಆ ಊರಿಗೆ ಮುಖ್ಯ ಸ್ಥಾನವಿದೆ.

ಮೂಲ್ಕಿಯ ಅಲೆಗಳು

ಶಾಂಭವಿ ನದಿ ಕಡಲು ಸೇರುವ ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. ಅದರ ಹಿಂದಿದ್ದವರು ಅಮೆರಿಕದಿಂದ ಬಂದು ಭಾರತದಲ್ಲಿ ನೆಲೆಸಿದ, ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ ಜ್ಯಾಕ್ ಹೆಬ್ನರ್. ಆಶ್ರಮದ ದಿನಚರಿಯೂ ಅಲೆಯ ಸವಾರಿಯೂ ಅಲ್ಲಿ ಒಟ್ಟಿಗೆ ನಡೆದವು. ಊರಿನ ಹುಡುಗರು, ಹುಡುಗಿಯರು ಹಲಗೆ ಹಿಡಿದರು. 2016ರ ಮೇ ತಿಂಗಳಲ್ಲಿ ಪಕ್ಕದ ಸಸಿಹಿತ್ಲುವಿನಲ್ಲಿ ಮೊದಲ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ಮೊದಲ ಬಾರಿಗೆ ಪದಕದ ಆಟವಾದಾಗ ಕರಾವಳಿಯ ಈ ಊರುಗಳಿಗೆ ಅದು ಅಪರಿಚಿತ ಸಂಗತಿಯಾಗಿರಲಿಲ್ಲ.

ನದೀಮುಖದಲ್ಲಿ ಮರಳುದಿಬ್ಬಗಳು ಮಳೆಗಾಲ ಕಳೆದಂತೆಲ್ಲ ಜಾಗ ಬದಲಿಸುತ್ತವೆ. ನಿನ್ನೆ ಎದೆಮಟ್ಟ ನೀರಿದ್ದಲ್ಲಿ ಇಂದು ಮೊಣಕಾಲುಮಟ್ಟ ಇರಬಹುದು. ಇಳಿತದ ಹೊತ್ತಿನಲ್ಲಿ ದಡದತ್ತ ಬರುವ ಹಲಗೆಯ ತಳ ನೆಲಕ್ಕೆ ತಾಗಿತೆಂದರೆ ಮೊದಲು ತಾಗುವುದು ಫಿನ್. ಅದು ಹೇಗೆ ಮುರಿಯುತ್ತದೆ, ಮುರಿಯುವಾಗ ಹಲಗೆಯನ್ನೂ ಹಾಳುಮಾಡುತ್ತದೆಯೋ ಇಲ್ಲವೋ ಎಂಬುದರ ಮೇಲೆ ಆ ಹಲಗೆ ನಾಳೆ ನೀರಿಗಿಳಿಯುತ್ತದೆಯೇ ಎಂಬುದು ನಿಂತಿದೆ. ಹೊರದೇಶದಿಂದ ತರಿಸಿದ ಹಲಗೆಯೊಂದನ್ನು ನಾಲ್ಕಾರು ಮಂದಿ ಹಂಚಿಕೊಂಡು ಕಲಿಯುವಲ್ಲಿ ಇದು ಸಣ್ಣ ಮಾತಲ್ಲ.

ರೆಕ್ಕೆಯಿಲ್ಲದ ಕಾಲ

ಅಲೆಯ ಸವಾರಿ ಪೆಸಿಫಿಕ್ ಸಾಗರದ ದ್ವೀಪವಾಸಿಗಳ ಪ್ರಾಚೀನ ವಿದ್ಯೆ. ಕ್ಯಾಪ್ಟನ್ ಕುಕ್‌ನ ಮೂರನೆಯ ಯಾನದ ಹಡಗುಗಳು ಹವಾಯಿಯಲ್ಲಿ ತಂಗಿದ್ದಾಗ, 1779ರಲ್ಲಿ, ಲೆಫ್ಟಿನೆಂಟ್ ಜೇಮ್ಸ್ ಕಿಂಗ್ ಅದನ್ನು ಕಂಡು ಬೆರಗಾಗಿ ಬರೆದಿಟ್ಟ. ಹವಾಯಿಯ ಜನ ತೆಳುವಾದ ‘ಅಲಾಯಾ’ ಹಲಗೆಗಳನ್ನು ಬಳಸುತ್ತಿದ್ದರು. ಅಲ್ಲಿನ ದೊರೆಗಳಿಗೆ ಉದ್ದನೆಯ ‘ಓಲೋ’ ಹಲಗೆಗಳಿದ್ದವು. ಇವು ಯಾವುದಕ್ಕೂ ಫಿನ್ ಇರಲಿಲ್ಲ. ತಿರುಗಬೇಕಾದಾಗ ಸವಾರ ಕಾಲನ್ನು ನೀರಿಗಿಳಿಸಿ ಎಳೆಯುತ್ತಿದ್ದ, ಇಲ್ಲವೆ ಮೈಭಾರವನ್ನು ಒಂದು ಅಂಚಿಗೆ ಹಾಕುತ್ತಿದ್ದ.

ಫಿನ್ ಇಲ್ಲದ ಹಲಗೆಯ ತೊಂದರೆ ಏನು? ಕಡಿದಾದ ಅಲೆಯ ಮೇಲೆ ಓರೆಯಾಗಿ ಸಾಗುವಾಗ ಅದರ ಹಿಂಬದಿ ಜಾರಿ ಅಡ್ಡ ತಿರುಗುತ್ತದೆ. ಕೆಸರುಗದ್ದೆಯ ದಾರಿಯಲ್ಲಿ ಚಕ್ಕಡಿಯ ಹಿಂಬದಿ ಜಾರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹಲಗೆ ಮುಂದಕ್ಕೆ ಸರಾಗವಾಗಿ ಸಾಗಬೇಕು, ಪಕ್ಕಕ್ಕೆ ಜಾರಬಾರದು. ಮುಂದಿನಿಂದ ಬರುವ ನೀರಿಗೆ ತೆಳ್ಳಗಿನ ಅಂಚನ್ನೂ ಪಕ್ಕದಿಂದ ಬರುವ ನೀರಿಗೆ ಅಗಲವಾದ ಮೈಯನ್ನೂ ಒಡ್ಡುವ ಭಾಗವೊಂದು ತಳದಲ್ಲಿದ್ದರೆ ಈ ಎರಡೂ ಕೆಲಸ ಆಗುತ್ತವೆ. ಅದೇ ಫಿನ್.

ಅದನ್ನು ಮೊದಲು ಹಚ್ಚಿದ ಕೀರ್ತಿ ಅಮೆರಿಕದ ಟಾಮ್ ಬ್ಲೇಕ್‌ಗೆ ಸಲ್ಲುತ್ತದೆ. 1935ರಲ್ಲಿ ಹಾಳುಬಿದ್ದ ಮೋಟಾರು ದೋಣಿಯೊಂದರ ಲೋಹದ ಕೀಲ್ ತುಂಡನ್ನು ಆತ ತನ್ನ ಹಲಗೆಯ ತಳಕ್ಕೆ ಜೋಡಿಸಿದ. ಸುಮಾರು ಒಂದು ಅಡಿ ಉದ್ದ, ನಾಲ್ಕು ಇಂಚು ಆಳದ ಆ ತುಂಡು ಹಲಗೆಯ ನಡತೆಯನ್ನೇ ಬದಲಿಸಿತು. ಹಾಗಿದ್ದರೂ ಎಲ್ಲರೂ ಅದನ್ನು ತಕ್ಷಣ ಒಪ್ಪಲಿಲ್ಲ. ಫಿನ್ ರೂಢಿಗೆ ಬರಲು ಹತ್ತು ವರ್ಷವಾದರೂ ಹಿಡಿಯಿತು.

ಅಂಟಿಸಿದ ಫಿನ್‌ನ ಕಷ್ಟ

ಎರಡನೆಯ ಮಹಾಯುದ್ಧದ ನಂತರ ಫೈಬರ್ ಗ್ಲಾಸ್ ಮತ್ತು ಕೃತಕ ರಾಳ ಹಲಗೆ ಮಾಡುವವರ ಕೈಗೆ ಬಂದವು. ಭಾರವಾದ ಮರ ಹೋಗಿ ಹಗುರವಾದ ಬಾಲ್ಸಾ ಬಂತು; 1950ರ ದಶಕದ ಕೊನೆಗೆ ಅದರ ಜಾಗದಲ್ಲಿ ಫೋಮ್ ಬಂತು. ನೊರೆಯಂಥ ಹಗುರ ಫೋಮಿನ ಒಡಲು, ಅದರ ಮೇಲೆ ಗಾಜಿನ ಎಳೆಯ ಬಟ್ಟೆ ಮತ್ತು ರಾಳದ ತೆಳು ಚಿಪ್ಪು—ಇದು ಹಲಗೆಯ ಹೊಸ ರೂಪ. ಫಿನ್ನನ್ನೂ ಅದೇ ಬಟ್ಟೆ ಮತ್ತು ರಾಳದಿಂದ ತಳಕ್ಕೆ ಅಂಟಿಸಿಬಿಡುತ್ತಿದ್ದರು.

ಅಂಟಿಸಿದ ಫಿನ್ ಬಲವಾಗಿಯೇ ನಿಲ್ಲುತ್ತದೆ. ಹಲಗೆಯೂ ಫಿನ್ನೂ ಒಂದೇ ಮೈಯಾದ್ದರಿಂದ ಸವಾರನ ಕಾಲಿನ ಒತ್ತಡಕ್ಕೆ ನೇರವಾಗಿ ಸ್ಪಂದಿಸುತ್ತದೆ ಎಂದು ಅದನ್ನೇ ಮೆಚ್ಚುವವರು ಇಂದಿಗೂ ಇದ್ದಾರೆ. ಕಷ್ಟ ಬರುವುದು ಏಟು ಬಿದ್ದಾಗ. ಫಿನ್ ಒಂದು ಸನ್ನೆಗೋಲಿನಂತೆ. ಅದರ ತುದಿಗೆ ಬಂಡೆಯೋ ಮರಳೋ ತಾಗಿದರೆ ಆ ಬಲವೆಲ್ಲ ಬುಡಕ್ಕೆ ಬಂದು ಸೇರುತ್ತದೆ. ಫಿನ್ ಆಳವಾದಷ್ಟೂ ಬುಡದ ಮೇಲಿನ ತಿರುಚು ಹೆಚ್ಚು. ಬುಡ ಬಿಟ್ಟುಕೊಡದಿದ್ದರೆ ಅದರ ಕೆಳಗಿನ ಚಿಪ್ಪು ಕಿತ್ತು ಬರುತ್ತದೆ. ಫೋಮು ಬಾಯಿ ತೆರೆದು ನೀರು ಕುಡಿಯತೊಡಗುತ್ತದೆ. ನೀರು ಕುಡಿದ ಹಲಗೆ ಭಾರವಾಗುತ್ತದೆ. ಚಿಪ್ಪು ಒಳಗಿನಿಂದಲೇ ಬಿಟ್ಟುಕೊಳ್ಳುತ್ತದೆ. ಅಂಗೈಯಗಲದ ತುಂಡೊಂದು ಆಳೆತ್ತರದ ಹಲಗೆಯನ್ನು ಕೆಡಿಸುವುದು ಹೀಗೆ.

ಇನ್ನೊಂದು ತೊಂದರೆ ಸಾಗಣೆಯದು. ಅಂಟಿಸಿದ ಫಿನ್ ಇರುವ ಹಲಗೆಯನ್ನು ಒಂದರ ಮೇಲೊಂದು ಪೇರಿಸುವಂತಿಲ್ಲ. ಬಸ್ಸಿನ ತಲೆಯ ಮೇಲೆ, ವಿಮಾನದ ಸರಕಿನ ನಡುವೆ ಕಡಲನ್ನೇ ಕಾಣದೆ ಮುರಿದ ಫಿನ್‌ಗಳಿಗೆ ಲೆಕ್ಕವಿಲ್ಲ.

ಒಂದರಿಂದ ಮೂರಕ್ಕೆ

ಈ ನಡುವೆ ಫಿನ್‌ನ ಆಕಾರವೂ ಸಂಖ್ಯೆಯೂ ಬದಲಾಗುತ್ತ ಬಂದವು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜಾರ್ಜ್ ಗ್ರೀನೊ ಕಡಲಿನಲ್ಲಿ ವೇಗವಾಗಿ ಈಜುವ ಜೀವಿಗಳ ಬಾಲ, ರೆಕ್ಕೆಗಳನ್ನು ಗಮನಿಸಿದ. ಬುಡ ಅಗಲ, ತುದಿ ಕಿರಿದು, ಹಿಂದಕ್ಕೆ ಬಾಗಿದ ಬಳುಕುವ ಫಿನ್ನನ್ನು ಆತ ರೂಪಿಸಿದ. 1966ರಲ್ಲಿ ಸ್ಯಾನ್ ಡಿಯೆಗೋದಲ್ಲಿ ನಡೆದ ವಿಶ್ವ ಸ್ಪರ್ಧೆಯನ್ನು ಆಸ್ಟ್ರೇಲಿಯಾದ ನ್ಯಾಟ್ ಯಂಗ್ ಗೆದ್ದದ್ದು ಅಂಥ ಫಿನ್ ಇದ್ದ ಹಲಗೆಯ ಮೇಲೆ. ಬಳುಕಿಗೆ ಇನ್ನೊಂದು ಗುಣವೂ ಉಂಟು. ಸ್ವಲ್ಪ ಬಾಗಬಲ್ಲ ತುದಿ ಸಣ್ಣ ಏಟನ್ನು ತಾನೇ ನುಂಗಿಕೊಂಡು ಬುಡವನ್ನು ಉಳಿಸುತ್ತದೆ.

ಮುಂದೆ ಆಸ್ಟ್ರೇಲಿಯಾದ ಮಾರ್ಕ್ ರಿಚರ್ಡ್ಸ್ 1979ರಿಂದ 1982ರವರೆಗೆ ಸತತ ನಾಲ್ಕು ವರ್ಷ ವಿಶ್ವ ಪಟ್ಟ ಪಡೆದು ಜೋಡಿ ಫಿನ್‌ನ ಹಲಗೆಗೆ ಹೆಸರು ತಂದ. ಆದರೆ ದೊಡ್ಡ ಅಲೆಯಲ್ಲಿ ಜೋಡಿ ಫಿನ್ ಜಾರುತ್ತದೆ ಎಂಬ ದೂರು ಉಳಿದೇ ಇತ್ತು. ಅದೇ ದೇಶದ ಸೈಮನ್ ಆಂಡರ್ಸನ್ 1980ರ ಕೊನೆಯಲ್ಲಿ ಮೂರು ಸಮಾನ ಫಿನ್‌ಗಳ ಹಲಗೆ ಕಟ್ಟಿದ. ಎರಡು ಮುಂದೆ ಅಕ್ಕಪಕ್ಕ, ಒಂದು ಹಿಂದೆ ನಡುವೆ. 1981ರಲ್ಲಿ ಬೆಲ್ಸ್ ಬೀಚ್‌ನ ಭಾರಿ ಅಲೆಗಳಲ್ಲಿ ಆತ ಅದರ ಮೇಲೆ ಗೆದ್ದ. ‘ಥ್ರಸ್ಟರ್’ ಎಂಬ ಆ ವಿನ್ಯಾಸ ಕೆಲವೇ ವರ್ಷಗಳಲ್ಲಿ ಜಗತ್ತಿನ ತುಂಬ ಹಬ್ಬಿತು. ಆಂಡರ್ಸನ್ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳುವಂತಾಯಿತು.

ಆದರೆ ಮೂರು ಫಿನ್ ಎಂದರೆ ಮುರಿಯಲು ಮೂರು ಜಾಗ. ಒಂದೊಂದನ್ನೂ ಅಳತೆ ತಪ್ಪದಂತೆ ಅಂಟಿಸಿ, ರಾಳ ಹಾಕಿ, ಉಜ್ಜಿ ನುಣುಪು ಮಾಡುವ ಕೆಲಸವೂ ಮೂರು ಪಟ್ಟಾಯಿತು. ಬಿಚ್ಚಿ ಹಾಕಬಲ್ಲ ಫಿನ್ ಬೇಕು ಎಂಬ ಹಳೆಯ ಯೋಚನೆಗೆ ಹೊಸ ಬಲ ಬಂದದ್ದು ಆಗ.

ಬಿಚ್ಚಿ ಕೂಡಿಸುವ ವಿದ್ಯೆ

ಆ ಯೋಚನೆ ಹೊಸದಾಗಿರಲಿಲ್ಲ. 1960ರ ದಶಕದಲ್ಲಿಯೇ ಅಮೆರಿಕದ ಟಾಮ್ ಮೋರಿ ಬಿಚ್ಚಬಹುದಾದ ಫಿನ್ ಮಾರಿದ್ದ. ಉದ್ದ ಹಲಗೆಗಳ ನಡುವಿನ ಒಂಟಿ ಫಿನ್‌ಗೆ ಪ್ಲಾಸ್ಟಿಕ್ಕಿನ ಉದ್ದನೆಯ ಪೆಟ್ಟಿಗೆ ಕೂಡಿಸುವ ರೂಢಿಯೂ ಬಂದಿತ್ತು. ಆ ಪೆಟ್ಟಿಗೆಯ ಸಂದಿಯಲ್ಲಿ ಫಿನ್ನನ್ನು ಹಿಂದೆ ಮುಂದೆ ಸರಿಸಿ, ಒಂದು ಸ್ಕ್ರೂ ಬಿಗಿದರೆ ಆಯಿತು. ಮೂರು ಸಣ್ಣ ಫಿನ್‌ಗಳಿಗೆ ಒಪ್ಪುವ ಏರ್ಪಾಟು ಬಂದದ್ದು 1990ರ ದಶಕದಲ್ಲಿ. ಆ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದಲ್ಲಿ ‘ಎಫ್‌ಸಿಎಸ್’ ಪದ್ಧತಿ ಬಂತು. ಪ್ರತಿ ಫಿನ್‌ಗೆ ಹಲಗೆಯಲ್ಲಿ ಎರಡು ಪುಟ್ಟ ಗುಂಡು ಕುಳಿಗಳು, ಫಿನ್‌ನ ಬುಡದಲ್ಲಿ ಅವುಗಳಿಗೆ ಸರಿಹೊಂದುವ ಎರಡು ನಾಲಿಗೆಗಳು, ಬಿಗಿಹಿಡಿಯಲು ತಲೆಯಿಲ್ಲದ ಸಣ್ಣ ಸ್ಕ್ರೂಗಳು. ಅದೇ ದಶಕದಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ‘ಫ್ಯೂಚರ್ಸ್’ ಪದ್ಧತಿಯಲ್ಲಿ ಎರಡು ಕುಳಿಗಳ ಬದಲು ಒಂದೇ ಉದ್ದ ಪೆಟ್ಟಿಗೆ. ಫಿನ್‌ನ ಬುಡ ಪೂರ್ತಿಯಾಗಿ ಅದರಲ್ಲಿ ಕೂಡುತ್ತದೆ, ಮುಂದೆ ಒಂದೇ ಸ್ಕ್ರೂ. 2013ರಲ್ಲಿ ಎಫ್‌ಸಿಎಸ್‌ನ ಎರಡನೆಯ ಆವೃತ್ತಿ ಬಂದಾಗ ಸ್ಕ್ರೂ ಇಲ್ಲದೆ ಒತ್ತಿ ಕೂರಿಸುವ ವ್ಯವಸ್ಥೆಯೂ ಬಂತು.

ಎರಡು ಪದ್ಧತಿಗಳ ನಡುವಿನ ವ್ಯತ್ಯಾಸದಲ್ಲಿ ಕುಂಟೆ ಮಾಡಿದವರ ಪ್ರಶ್ನೆಯೇ ಮರಳಿ ಬರುತ್ತದೆ. ಕಿರಿದಾದ ಎರಡು ನಾಲಿಗೆಗಳ ಮೇಲೆ ನಿಂತ ಫಿನ್‌ಗೆ ಜೋರಾಗಿ ಏಟು ಬಿದ್ದರೆ ಹೆಚ್ಚಾಗಿ ನಾಲಿಗೆಗಳೇ ಮುರಿಯುತ್ತವೆ. ಕುಳಿಯಲ್ಲಿ ಉಳಿದ ಚೂರನ್ನು ತೆಗೆದು ಹೊಸ ಫಿನ್ ಹಾಕಿದರೆ ಹಲಗೆ ಮತ್ತೆ ಸಿದ್ಧ. ಉದ್ದ ಪೆಟ್ಟಿಗೆಯ ಫಿನ್ ಏಟನ್ನು ಹೆಚ್ಚು ಅಗಲಕ್ಕೆ ಹಂಚುತ್ತದೆ, ಸುಲಭಕ್ಕೆ ಮುರಿಯದು. ಮಿತಿ ಮೀರಿದ ಏಟಿಗೆ ಮಾತ್ರ ಪೆಟ್ಟಿಗೆಯೇ ಹರಿದು ಬಂದರೆ ರಿಪೇರಿ ದೊಡ್ಡದು. ಒಂದು ಬೇಗ ಸೋತು ಹಲಗೆಯನ್ನು ಕಾಯುತ್ತದೆ, ಇನ್ನೊಂದು ಹೆಚ್ಚು ಹೊತ್ತು ಹೋರಾಡುತ್ತದೆ. ಯಾವುದು ಮೇಲು ಎಂಬುದು ಕಡಲಿನ ತಳ ಎಂಥದು, ರಿಪೇರಿ ಮಾಡುವ ಕೈ ಎಷ್ಟು ದೂರದಲ್ಲಿದೆ ಎಂಬುದನ್ನು ಅವಲಂಬಿಸಿದೆ.

ಯಂತ್ರಗಳ ಜಗತ್ತಿಗೆ ಈ ತತ್ವ ಹೊಸದೇನಲ್ಲ. ಹಳೆಯ ಔಟ್‌ಬೋರ್ಡ್ ಎಂಜಿನ್‌ಗಳ ಪ್ರೊಪೆಲರ್ ಕಲ್ಲಿಗೆ ತಾಗಿದರೆ ಒಂದು ಅಗ್ಗದ ಪಿನ್ನು ಮುರಿದು ಎಂಜಿನನ್ನು ಉಳಿಸುತ್ತಿತ್ತು. ಟ್ರ್ಯಾಕ್ಟರಿನ ನೇಗಿಲುಗಳಲ್ಲಿ ಹಾಗೆಯೇ ಮುರಿಯಲೆಂದು ಇಟ್ಟ ಬೋಲ್ಟುಗಳುಂಟು. ಸ್ಪ್ರಿಂಗ್ ಇರುವ ಕಲ್ಟಿವೇಟರ್‌ನ ಹಲ್ಲು ಕಲ್ಲಿಗೆ ತಾಗಿದಾಗ ಮುರಿಯುವ ಬದಲು ಹಿಂದಕ್ಕೆ ಎದ್ದು ಮತ್ತೆ ಕೂರುತ್ತದೆ. ಮನೆಯ ವಿದ್ಯುತ್ ಫ್ಯೂಸಿನ ತಂತಿಯೂ ಅದೇ ಜಾತಿಗೆ ಸೇರಿದ್ದು.

ಮುರಿಯದಂತೆ ನೋಡಿಕೊಳ್ಳುವುದು

ಮುರಿಯುವ ಜಾಗವನ್ನು ಗೊತ್ತುಮಾಡಿದ ಮಾತ್ರಕ್ಕೆ ಮುರಿಯಲು ಬಿಡಬೇಕೆಂದಿಲ್ಲ. ಫಿನ್ ಮುರಿಯುವುದಕ್ಕೆ ಬಂಡೆಗಿಂತ ಹೆಚ್ಚಾಗಿ ಅಲಕ್ಷ್ಯವೇ ಕಾರಣವಾಗುವುದುಂಟು. ನೀರಿಗಿಳಿಯುವ ಮೊದಲು ಪ್ರತಿ ಫಿನ್ನನ್ನೂ ಬೆರಳಿನಿಂದ ಅಲುಗಿಸಿ ನೋಡಬೇಕು. ಸಡಿಲವಾದ ಫಿನ್ ಪ್ರತಿ ಅಲೆಗೂ ಅಲ್ಲಾಡಿ ತನ್ನ ಕುಳಿಯನ್ನೇ ಅಗಲಮಾಡಿಕೊಳ್ಳುತ್ತದೆ. ಹಾಗೆಂದು ಸ್ಕ್ರೂವನ್ನು ಮೈಬಲವೆಲ್ಲ ಹಾಕಿ ತಿರುಗಿಸಿದರೆ ಅದರ ಮರೆ ಸವೆದು ಮತ್ತೆ ಹಿಡಿತ ಸಿಗದು. ಕೈಗೆ ತಡೆ ಸಿಕ್ಕಿದಲ್ಲಿ ನಿಲ್ಲಿಸಬೇಕು. ಉಪ್ಪುನೀರು ಸ್ಕ್ರೂವನ್ನು ಹಿಡಿದುಕೊಳ್ಳುವುದರಿಂದ ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು. ದೂರಕ್ಕೆ ಒಯ್ಯುವಾಗ ಫಿನ್ ಬಿಚ್ಚಿಡಬೇಕು. ನೆಲದ ಮೇಲೆ ಇಡುವಾಗ ಫಿನ್ ಮೇಲೆ ಬರುವಂತೆ ಮಗುಚಿ ಇಡಬೇಕು. ಬುಡದ ಸುತ್ತ ಕೂದಲೆಳೆಯಷ್ಟು ಬಿರುಕು ಕಂಡರೂ ಒಣಗಿಸಿ ಮುಚ್ಚುವವರೆಗೆ ಆ ಹಲಗೆಯನ್ನು ನೀರಿಗೆ ತರಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಕಡಲನ್ನು ಓದುವುದು. ಉಬ್ಬರ ಇಳಿತದ ಹೊತ್ತು, ಮರಳುದಿಬ್ಬದ ಜಾಗ ತಿಳಿದಿರಬೇಕು. ದಡದ ಮರಳಿಗೆ ಉಜ್ಜುವವರೆಗೂ ಹಲಗೆಯ ಮೇಲೆ ನಿಂತು ಬರುವ ಉಮೇದು ಕಲಿಯುವವರಿಗೆ ಸಹಜ. ಅದಕ್ಕೆ ಮೊದಲೇ ಇಳಿದು ಹಲಗೆಯನ್ನು ಎತ್ತಿಕೊಂಡು ಬರುವುದು ಬಲ್ಲವರ ಲಕ್ಷಣ. ಕರಾವಳಿಯ ಮೀನುಗಾರರು ದೋಣಿ ದಡ ಸೇರುವ ಮುನ್ನ ಎಂಜಿನನ್ನು ನೀರಿನಿಂದ ಮೇಲೆತ್ತುವುದೂ ಇದೇ ತಿಳಿವಳಿಕೆಯಿಂದ.

ಇದು ಹಲಗೆಯ ಪ್ರಶ್ನೆ ಮಾತ್ರವೂ ಅಲ್ಲ. ಗಟ್ಟಿಯಾದ ಫಿನ್‌ನ ಅಂಚು ಚಾಕುವಿನಂತೆ ಮೈ ಕೊಯ್ಯಬಲ್ಲದು. ಹೊಸಬರಿಗೆ ಮೆದು ಹಲಗೆ, ಬಾಗುವ ಪ್ಲಾಸ್ಟಿಕ್ ಫಿನ್ ಕೊಡುವುದು ಇದೇ ಕಾರಣಕ್ಕೆ. ಏಟು ಬಿದ್ದಾಗ ಅಲ್ಲಿ ಉಳಿಯಬೇಕಾದದ್ದು ಮೊದಲು ಮನುಷ್ಯ, ಆಮೇಲೆ ಹಲಗೆ, ಕೊನೆಗೆ ಫಿನ್.

ಕುಲುಮೆ ಎಲ್ಲಿದೆ?

ಬಿಚ್ಚಿ ಕೂಡಿಸುವ ಫಿನ್ ತಂದ ಅನುಕೂಲದ ಜೊತೆಗೆ ಒಂದು ಹಂಗೂ ಬಂತು. ಒಂದು ಪದ್ಧತಿಯ ಫಿನ್ ಇನ್ನೊಂದರ ಪೆಟ್ಟಿಗೆಗೆ ಕೂಡುವುದಿಲ್ಲ. ಅಂಟಿಸಿದ ಫಿನ್ ಮುರಿದರೆ ರಾಳ, ಗಾಜಿನ ಬಟ್ಟೆ ಬಲ್ಲ ಯಾರಾದರೂ ಊರಿನಲ್ಲೇ ಸರಿಪಡಿಸಬಹುದಿತ್ತು. ಕಾರ್ಖಾನೆಯ ಅಳತೆಯ ಫಿನ್ ಮುರಿದರೆ ಅದೇ ಅಳತೆಯ ಇನ್ನೊಂದು ಬರುವವರೆಗೆ ಕಾಯಬೇಕು. ಹಲಗೆ ಉಳಿಯಿತು, ಅದರ ಜೊತೆಗೆ ಅಂಗಡಿಯ ಅವಲಂಬನೆಯೂ ಬೆಳೆಯಿತು.

ಧಾರವಾಡದ ಒಕ್ಕಲುತನ ಈ ತಿರುವನ್ನು ನೂರು ವರ್ಷ ಮೊದಲೇ ಕಂಡಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಉದ್ಯಮ ಆರಂಭಿಸಿ, 20ನೇ ಶತಮಾನದ ಮೊದಲ ದಶಕದಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. 1910ರಲ್ಲಿ ಅವರ ಕಾರ್ಖಾನೆ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯಾಗಿ ಬೆಳೆಯಿತು. ರೈತರು ಮೊದಮೊದಲು ಅನುಮಾನದಿಂದಲೇ ನೋಡಿದ ಆ ನೇಗಿಲು ಮುಂದೆ ಮನೆಮಾತಾಯಿತು. ಹೆಂಟೆಯ ನೆಲವನ್ನು ಆಳಕ್ಕೆ ಉಳುವ ಶಕ್ತಿ ಬಂತು. ಆದರೆ ಸವೆದ ಕುಡದ ಬದಲಿಗೆ ಅದೇ ಅಳತೆಯ ಕುಡ ಬೇಕಾಯಿತು. ಅದು ಬರುವುದು ಊರಿನ ಕುಲುಮೆಯಿಂದಲ್ಲ, ಪೇಟೆಯ ಅಂಗಡಿಯಿಂದ. ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳು ಕಡಿಮೆಯಾದವು. ಎಷ್ಟೋ ಊರುಗಳಲ್ಲಿ ತಿದಿಯ ಸದ್ದು ನಿಂತು ಕುಲುಮೆ ತಣ್ಣಗಾಯಿತು. ಆ ಬದಲಾವಣೆಯಿಂದ ಇಳುವರಿಗೆ, ರೈತನ ಬೆನ್ನಿಗೆ ಲಾಭವೇ ಆಯಿತು ಎನ್ನಬಹುದು. ಆದರೆ ಮುರಿದುದನ್ನು ಮಧ್ಯಾಹ್ನದೊಳಗೆ ಕೂಡಿಸಿಕೊಡುತ್ತಿದ್ದ ಕೈ ಊರಿನಿಂದ ದೂರ ಹೋಯಿತು ಎಂಬುದೂ ನಿಜ.

ಬಂಡೆಯನ್ನು ಮೀರುವಷ್ಟು ಗಟ್ಟಿಯಾದ ಫಿನ್ ಇಲ್ಲ. ಕಲ್ಲನ್ನು ಗೆಲ್ಲುವ ಕುಡವೂ ಇಲ್ಲ. ಒಂದು ಸಾಮಾನು ಬಾಳುವುದು ಮೂರು ಸಂಗತಿಗಳಿಂದ: ಮುರಿಯುವ ಭಾಗವನ್ನು ಮೊದಲೇ ಆರಿಸಿದ ಬುದ್ಧಿ, ಮುರಿಯುವ ಮುನ್ನ ದಿನವೂ ಕೈಯಾಡಿಸಿ ನೋಡುವ ರೂಢಿ, ಮುರಿದ ಮೇಲೆ ಕೂಡಿಸಬಲ್ಲ ಕೈ. ಮೊದಲನೆಯದನ್ನು ಕಾರ್ಖಾನೆ ಕೊಡಬಲ್ಲದು. ಉಳಿದೆರಡನ್ನು ಬಳಸುವವರೇ ಉಳಿಸಿಕೊಳ್ಳಬೇಕು. ಮೂಲ್ಕಿಯ ದಡದಲ್ಲಿ ಹಲಗೆ ಮಗುಚಿ ಫಿನ್ ಅಲುಗಿಸಿ ನೋಡುವ ಹುಡುಗಿಯೂ ನವಲಗುಂದದ ಹೊಲದ ಬದುವಿನಲ್ಲಿ ಕುಂಟೆ ಮಲಗಿಸಿ ಕುಡ ಅಲುಗಿಸುವ ಮುದುಕನೂ ಒಬ್ಬರನ್ನೊಬ್ಬರು ಕಂಡವರಲ್ಲ. ಇಬ್ಬರ ಕೈಗೂ ಗೊತ್ತಿರುವುದು ಮಾತ್ರ ಒಂದೇ ಪಾಠ.